ಗಿನಿಪಿಗ್‌ಗೆ ಮನೆಯಲ್ಲೇ ಒಣಹುಲ್ಲು: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರು): ಡಾಕ್ಟ್ರೇ, ಮಗಳು ಎರಡು ಗಿನಿಪಿಗ್ ಸಾಕಿದ್ದಾಳೆ. ಟಿಮೊಥಿ ಹುಲ್ಲಿನ ಪ್ಯಾಕೆಟ್ ಕೊಂಡು ಕೊಂಡು ಸಾಕಾಗಿದೆ. ತಾರಸಿಯಲ್ಲಿ ಬಿಸಿಲು ಚೆನ್ನಾಗಿದೆ, ಗ್ರೋಬ್ಯಾಗ್‌ಗಳೂ ಖಾಲಿ ಬಿದ್ದಿವೆ. ಅದೇ ಹುಲ್ಲನ್ನು ಬೆಳೆದು ಒಣಗಿಸಬಹುದಾ?

ಉತ್ತರ: ಟಿಮೊಥಿ ತಂಪು ದೇಶದ ಹುಲ್ಲು, ನಮ್ಮ ಬೇಸಿಗೆಗೆ ಸೊರಗುತ್ತದೆ. ಅದೇ ಆಗಬೇಕೆಂದೇನೂ ಇಲ್ಲ. ಗಿನಿಪಿಗ್ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ನಾರಿರುವ ಹುಲ್ಲನ್ನು ದಿನವಿಡೀ ಅಗಿದರೆ ಹಲ್ಲೂ ಸವೆಯುತ್ತದೆ, ಕರುಳೂ ಓಡುತ್ತದೆ. ಆ ಕೆಲಸಕ್ಕೆ ಗರಿಕೆ, ರೋಡ್ಸ್ ಹುಲ್ಲು, ಓಟ್ಸ್ ಪೈರು ಸಾಕು.

ಆದರೆ ಲೆಕ್ಕ ನೋಡಿ. ಒಂದು ಕಿಲೋ ತೂಗುವ ಗಿನಿಪಿಗ್‌ಗೆ ದಿನಕ್ಕೆ ಸುಮಾರು 50 ಗ್ರಾಂ ಒಣಹುಲ್ಲು ಬೇಕು. ಎರಡಕ್ಕೆ ತಿಂಗಳಿಗೆ 3 ಕಿಲೋ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಅದಕ್ಕೆ 12ರಿಂದ 15 ಕಿಲೋ ಕೊಯ್ಯಬೇಕು. ಹತ್ತು ಚೀಲದಲ್ಲಿ ಅಷ್ಟು ಬರುವುದಿಲ್ಲ. ನನ್ನ ಸಲಹೆ ಕೇಳಿದರೆ, ಚೀಲದ ಹುಲ್ಲನ್ನು ಹಸಿಯಾಗಿಯೇ ಕೊಡಿ, ಮಿಕ್ಕಿದ್ದನ್ನು ಮಾತ್ರ ಒಣಗಿಸಿ. ಪ್ಯಾಕೆಟ್ ಖರ್ಚು ಪೂರ್ತಿ ನಿಲ್ಲದು, ಇಳಿಯುತ್ತದೆ. ಹಸಿ ಹುಲ್ಲನ್ನು ಒಮ್ಮೆಲೇ ಸುರಿಯಬೇಡಿ. ಮೊದಲು ಒಂದು ಹಿಡಿ, ವಾರ ಹತ್ತು ದಿನದಲ್ಲಿ ಹೆಚ್ಚಿಸಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸೀತು.

ಓಟ್ಸ್ ಅನ್ನು ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿದರೆ ಎರಡು, ಎರಡೂವರೆ ತಿಂಗಳಿಗೆ ತೆನೆ ಇಣುಕುತ್ತದೆ. ಕೊಯ್ಯುವುದು ಆಗಲೇ, ಕಾಳು ಕಟ್ಟಲು ಬಿಡಬಾರದು. ದನಕ್ಕೆ ಬೆಳೆಯುವ ನೇಪಿಯರ್ ಹುಲ್ಲು ಬೇಡ, ದಂಟು ದಪ್ಪ, ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಎಳೆ ಜೋಳದ ಪೈರಂತೂ ಬೇಡವೇ ಬೇಡ, ಅದರಲ್ಲಿ ಸೈನೈಡ್ ವಿಷ ಹುಟ್ಟುತ್ತದೆ.

ಪ್ರಶ್ನೆ (ಮೈಸೂರಿನವರೇ): ಎಷ್ಟು ಒಣಗಿದರೆ ಸಾಕು?

ಉತ್ತರ: ಇಬ್ಬನಿ ಆರಿದ ಮೇಲೆ ಕೊಯ್ದು ತೆಳುವಾಗಿ ಹರಡಿ, ದಿನಕ್ಕೆರಡು ಸಲ ಮಗುಚಿ. ಸ್ವಲ್ಪ ಬಾಡಿದ ಮೇಲೆ ನೆರಳಿಗೆ ಎಳೆದರೆ ಹಸಿರು ಬಣ್ಣ, ಪರಿಮಳ ಉಳಿಯುತ್ತದೆ. ದಂಟು ತಿರುಚಿದಾಗ ಪಟ್ಟನೆ ಮುರಿಯಬೇಕು. ಅನುಮಾನವಿದ್ದರೆ ಗಾಜಿನ ಡಬ್ಬಿಯಲ್ಲಿ ಕತ್ತರಿಸಿದ ಹುಲ್ಲು, ಒಂದು ಚಮಚ ಪುಡಿಯುಪ್ಪು ಹಾಕಿ ಒಂದೆರಡು ನಿಮಿಷ ಕುಲುಕಿ. ಉಪ್ಪು ಗಂಟು ಕಟ್ಟಿದರೆ ತೇವ ಇನ್ನೂ ಶೇ. 15ಕ್ಕಿಂತ ಹೆಚ್ಚಿದೆ. (ಮಳೆಗಾಲದಲ್ಲಿ ನಮ್ಮ ಉಪ್ಪೇ ಗಂಟು ಕಟ್ಟಿರುತ್ತದೆ, ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಿ.) ಇಡುವುದಕ್ಕೆ ಹಳೆಯ ದಿಂಬಿನ ಕವರ್ ಒಳ್ಳೆಯದು, ಪ್ಲಾಸ್ಟಿಕ್ ಬೆವರುತ್ತದೆ. ಬೂಷ್ಟಿನ ವಾಸನೆ ಬಂದರೆ ಪೂರ್ತಿ ಎಸೆದುಬಿಡಿ, ಮೇಲಿನದನ್ನು ತೆಗೆದು ಉಳಿದದ್ದನ್ನು ಕೊಡುವ ಲೋಭ ಬೇಡ.

ಪ್ರಶ್ನೆ (ಮಂಡ್ಯ): ನಮ್ಮ ಊರಲ್ಲಿ ರಾಗಿ ಹುಲ್ಲಿನ ಮೆದೆಯೇ ಇದೆ ಸರ್. ಅದನ್ನೇ ಹಾಕಿದರಾಯ್ತಲ್ಲ?

ಉತ್ತರ: ಕಾಳು ಬಲಿತ ಮೇಲೆ ಉಳಿದ ಹುಲ್ಲದು, ಸತ್ವವೆಲ್ಲ ತೆನೆಗೆ ಹೋಗಿರುತ್ತದೆ. ದನ ಮೆಲುಕು ಹಾಕಿ ಅದರಿಂದಲೂ ಅಷ್ಟಿಷ್ಟು ಹಿಂಡಿಕೊಳ್ಳುತ್ತದೆ, ಗಿನಿಪಿಗ್‌ಗೆ ಅದು ಆಗದು. ಗೂಡಿಗೆ ಹಾಸಿ, ಕಡಿದರೆ ಕಡಿಯಲಿ. ಊಟವೆಂದು ಎಣಿಸಬೇಡಿ. ಕುದುರೆ ಮಸಾಲೆ (ಲೂಸರ್ನ್ ಅಥವಾ ಅಲ್ಫಾಲ್ಫಾ ಎನ್ನುವ ಮೇವು) ಸೊಪ್ಪಿನದು ತದ್ವಿರುದ್ಧ: ಸುಣ್ಣದಂಶ ಹೆಚ್ಚು, ದೊಡ್ಡವಕ್ಕೆ ದಿನಾ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಮರಿಗಳಿಗೆ, ಗಬ್ಬದ ತಾಯಿಗೆ ಸರಿ.

ಇನ್ನೊಂದು, ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ: ಒಣಗಿದ ಹುಲ್ಲಿನಲ್ಲಿ ವಿಟಮಿನ್ ಸಿ ಹೆಚ್ಚುಕಡಿಮೆ ಉಳಿಯುವುದಿಲ್ಲ, ಗಿನಿಪಿಗ್ ದೇಹ ಅದನ್ನು ತಯಾರಿಸಿಕೊಳ್ಳಲಾರದು. ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ ಇರಲಿ.

ಪ್ರಶ್ನೆ (ಬೆಂಗಳೂರು): ಮಾರ್ಕೆಟ್‌ನಲ್ಲಿ ಗಣಪತಿ ಪೂಜೆಗೆ ಮಾರುವ ಗರಿಕೆ ಕೊಡಬಹುದೇ?

ಉತ್ತರ: ಎಲ್ಲಿ ಕಿತ್ತದ್ದು ಎಂದು ಕೇಳಿ. ಚರಂಡಿ ಪಕ್ಕದ್ದೋ ಔಷಧಿ ಹೊಡೆದ ಹೊಲದ ಬದುವಿನದೋ ಆಗಿದ್ದರೆ ತೊಳೆದರೂ ಸಾಲದು. ಕಟ್ಟಿನಲ್ಲಿ ಕಾಂಗ್ರೆಸ್ ಗಿಡದ ಎಲೆ ಸೇರಿದೆಯಾ ಎಂದೂ ಬಿಡಿಸಿ ನೋಡಿ. ಅದಕ್ಕಿಂತ ಗಂಟುಗಳಿರುವ ಗರಿಕೆ ಬಳ್ಳಿಯನ್ನು ತುಂಡು ಮಾಡಿ ಕುಂಡದಲ್ಲಿ ನೆಡಿ, ಗಂಟು ಮಣ್ಣಿನೊಳಗಿರಲಿ. ಅದನ್ನು ಸಾಯಿಸುವುದೇ ಕಷ್ಟ.