ಲೋಟ ಎತ್ತಿದರೆ ಅಮ್ಮನ ಕೈ ನಡುಗುತ್ತದೆ, ಅನುಭವ ಇರುವವರು ತಿಳಿಸಿ

ಪ್ರಶ್ನೆ: ಅಮ್ಮನಿಗೆ 58 ವರ್ಷ. ಕಾಫಿ ಲೋಟ ಎತ್ತುವಾಗ, ಸೂಜಿಗೆ ದಾರ ಪೋಣಿಸುವಾಗ ಎರಡೂ ಕೈ ನಡುಗುತ್ತವೆ. ಸುಮ್ಮನೆ ಕುಳಿತಾಗ ಏನೂ ಇಲ್ಲ. ಪಾರ್ಕಿನ್ಸನ್ ಇರಬಹುದೇ ಎಂದು ಮನೆಯವರೆಲ್ಲ ಹೆದರಿದ್ದೇವೆ.

ಉತ್ತರ: ನನಗೆ 12 ವರ್ಷಗಳಿಂದ ಎಸೆನ್ಷಿಯಲ್ ಟ್ರೆಮರ್ ಎಂಬ ಕೈ ನಡುಕದ ತೊಂದರೆ ಇದೆ. ಸುಮ್ಮನಿದ್ದಾಗ ನಡುಕವಿಲ್ಲ ಎಂದಿರಲ್ಲ, ವೈದ್ಯರಿಗೆ ಮೊದಲು ಅದನ್ನೇ ಹೇಳಿ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕೈ ತೊಡೆಯ ಮೇಲೆ ವಿಶ್ರಾಂತಿಯಲ್ಲಿದ್ದಾಗ ಕಾಣುತ್ತದೆ, ಒಂದೇ ಬದಿಯಲ್ಲಿ ಶುರುವಾಗುತ್ತದೆ, ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ನಮ್ಮದು ಕೈ ಕೆಲಸಕ್ಕೆ ಇಳಿದಾಗ ಬರುವ ನಡುಕ. ವೈದ್ಯರು ನನ್ನಿಂದ ಕಾಗದದ ಮೇಲೆ ಸುರುಳಿ ಬರೆಸಿದರು. ಗೆರೆ ಉದ್ದಕ್ಕೂ ಗರಗಸದ ಹಲ್ಲಿನಂತೆ ಬಂತು. ಆದರೂ ನಾವೇ ತೀರ್ಮಾನಿಸುವುದು ಬೇಡ, ನರರೋಗ ತಜ್ಞರು ನೋಡಲಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುವ ಎಲ್ಲ ಔಷಧಿಗಳ ಚೀಟಿ ಒಯ್ಯಿರಿ. ಉಬ್ಬಸದ ಇನ್‌ಹೇಲರ್, ಮೂರ್ಛೆರೋಗದ ವ್ಯಾಲ್‌ಪ್ರೊಯೇಟ್ ಕೂಡ ಕೈ ನಡುಗಿಸುತ್ತವೆ.

ಮನೆಯಲ್ಲಿ ಹಿರಿಯರಿಗೆ ಇತ್ತೇ ಎಂದು ಕೇಳಿ, ಇದು ವಂಶದಲ್ಲಿ ಬರುವುದುಂಟು. ನನ್ನ ತಂದೆ ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸಲು ಹೋಗಿ ಸೌಟು ತುಳುಕಿದಾಗ, ಕುಡಿತದ ನಡುಕ ಎಂದು ಯಾರೋ ಆಡಿಕೊಂಡರು. ಜೀವಮಾನದಲ್ಲಿ ಒಂದು ಹನಿ ಮುಟ್ಟದವರು ಆಮೇಲೆ ಪಂಕ್ತಿಯ ಕಡೆಗೇ ಬರಲಿಲ್ಲ. ಆ ನೋವು ನನಗೆ ಇಂದಿಗೂ ಆರಿಲ್ಲ. ಅಮ್ಮನನ್ನು ನಾಲ್ಕು ಜನರ ನಡುವೆ ತಪ್ಪಿಸಿಕೊಳ್ಳಲು ಬಿಡಬೇಡಿ.

ವೈದ್ಯರು ಕೊಟ್ಟ ಪ್ರೊಪ್ರನೊಲಾಲ್ ಔಷಧಿಯಿಂದ ನನ್ನ ನಡುಕ ಪೂರ್ತಿ ಹೋಗಲಿಲ್ಲ, ಊಟ ಮತ್ತು ಬರವಣಿಗೆ ಸಾಧ್ಯವಾಗುವಷ್ಟು ತಗ್ಗಿತು. ಅದನ್ನು ಹೇಳದೆ ಕೇಳದೆ ಥಟ್ಟನೆ ನಿಲ್ಲಿಸಬಾರದು. ನಿದ್ದೆಗೆಟ್ಟ ದಿನ, ಕಾಫಿ ಹೆಚ್ಚಾದ ದಿನ ನಡುಕ ಜಾಸ್ತಿ. ಲೋಟವನ್ನು ಅರ್ಧವೇ ತುಂಬಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಬರೆಯಲು ದಪ್ಪನೆಯ, ಭಾರದ ಪೆನ್ನು. ಬ್ಯಾಂಕಿನಲ್ಲಿ ಸಹಿ ತಾಳೆಯಾಗದೆ ಚೆಕ್ ವಾಪಸಾದ ಮೇಲೆ ಹೊಸ ಮಾದರಿ ಸಹಿ ಕೊಟ್ಟು ಬಂದೆ.

ಇನ್ನೊಬ್ಬರು: ಅಣ್ಣನಿಗೆ ಉಬ್ಬಸ ಇದ್ದುದರಿಂದ ಪ್ರೊಪ್ರನೊಲಾಲ್ ಕೊಡಲಿಲ್ಲ, ಪ್ರಿಮಿಡೋನ್ ಕೊಟ್ಟರು. ಮೊದಲ ಕೆಲವು ದಿನ ತೂಕಡಿಕೆ, ತಲೆಸುತ್ತು ಇತ್ತು. ರಾತ್ರಿ ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಿದರು. ಈಗ ತಾನೇ ಕ್ಷೌರ ಮಾಡಿಕೊಳ್ಳುತ್ತಾನೆ.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅಜ್ಜನಿಗೂ ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ಎತ್ತುವಾಗ ಕೈ ನಡುಗುತ್ತಿತ್ತಂತೆ. ಸೋಮವಾರ ತಜ್ಞರ ಬಳಿ ಹೋಗುತ್ತಿದ್ದೇವೆ, ಔಷಧಿ ಚೀಟಿಯ ಜೊತೆ ಅದನ್ನೂ ಬರೆದಿಟ್ಟುಕೊಂಡಿದ್ದೇನೆ.