ಪ್ಯಾನಿಕ್ ಆಯ್ತು, ಡಂಪ್ ಸಿಗಲಿಲ್ಲ: ಕ್ರ್ಯಾಶ್‌ಕರ್ನಲ್‌ಗೆ ಎಷ್ಟು ಮೆಮೊರಿ ಎತ್ತಿಡಬೇಕು?

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಒಂದು ಲಿನಕ್ಸ್ ಸರ್ವರ್ ಈ ತಿಂಗಳು ಎರಡು ಸಲ ಕರ್ನಲ್ ಪ್ಯಾನಿಕ್ (ಸಿಸ್ಟಮ್‌ನ ತಿರುಳೇ ಕುಸಿಯುವುದು) ಆಗಿ ತಾನೇ ರೀಬೂಟ್ ಆಗಿದೆ. 128 ಜಿಬಿ ರ‍್ಯಾಮ್, ಎರಡು ಫೈಬರ್ ಚಾನೆಲ್ ಕಾರ್ಡ್, ಡಿಸ್ಕ್ ಎಲ್ಲ ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹಲವು ದಾರಿ) ಮೇಲೆ. ಕೆಡಂಪ್ ಸರ್ವಿಸ್ (ಪ್ಯಾನಿಕ್ ಆದಾಗ ಎರಡನೇ ಕರ್ನಲ್ ಎಬ್ಬಿಸಿ, ಆಗಿನ ಮೆಮೊರಿಯ ಪ್ರತಿಯನ್ನು, ಅಂದರೆ ಡಂಪ್ ಅನ್ನು, ಫೈಲ್‌ಗೆ ಬರೆಯುವುದು) ಓಡ್ತಾ ಇದೆ, ಸ್ಟೇಟಸ್ ಕೇಳಿದರೆ ಎಲ್ಲ ಸರಿ ಅನ್ನುತ್ತದೆ. ಆದರೆ ಡಂಪ್ ಬೀಳಬೇಕಾದ /ವಾರ್/ಕ್ರ್ಯಾಶ್ ಎರಡೂ ಸಲ ಖಾಲಿ. ಎರಡನೇ ಸಲ ಸೀರಿಯಲ್ ಕನ್ಸೋಲ್ ಲಾಗ್ ಸಿಕ್ಕಿತು. ಅದರಲ್ಲಿ ಎರಡನೇ ಕರ್ನಲ್ ಬೂಟ್ ಆಗಲು ಶುರು ಮಾಡಿದೆ, ಡ್ರೈವರ್‌ಗಳು ಒಂದೊಂದೇ ಬಂದಿವೆ, ಆಮೇಲೆ ಔಟ್ ಆಫ್ ಮೆಮೊರಿ ಅಂತ ಸಾಲುಸಾಲು ಬಂದು ರೀಬೂಟ್. ಗ್ರಬ್‌ನಲ್ಲಿ (ಬೂಟ್ ಲೋಡರ್) ಎರಡನೇ ಕರ್ನಲ್‌ಗೆ ಮೆಮೊರಿ ಎತ್ತಿಡುವ ಸಾಲು ಕ್ರ್ಯಾಶ್‌ಕರ್ನಲ್=256ಎಂ ಇದೆ, ಹಳೇ ಮಶೀನ್‌ನಿಂದ ಕಾಪಿ ಮಾಡಿದ್ದು.

ಎಷ್ಟು ಕೊಟ್ಟರೆ ಸಾಕು? ಇನ್ನೊಂದು ಪ್ರಶ್ನೆ: ಎಂದೋ ಒಂದು ದಿನ ಬರುವ ಪ್ಯಾನಿಕ್‌ಗೋಸ್ಕರ ಇಷ್ಟು ಮೆಮೊರಿಯನ್ನು ಬೂಟ್ ಆದಾಗಿನಿಂದ ಯಾಕೆ ಕಟ್ಟಿಹಾಕಬೇಕು? ಪ್ಯಾನಿಕ್ ಆದಾಗ ತಗೊಂಡರೆ ಆಗಲ್ವಾ? 2 ಜಿಬಿಯ ಹತ್ತು ವಿಎಂಗಳೂ (ವರ್ಚುವಲ್ ಮಶೀನ್) ನನ್ನ ಕೈಯಲ್ಲಿವೆ. ಅಲ್ಲಿ ಒಂದೊಂದರಲ್ಲೂ 192 ಎಂಬಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಳೇಟರ್ಮಿನಲ್:
ನೀವು ಹಿಡಿದ ಕನ್ಸೋಲ್ ಲಾಗ್‌ನಲ್ಲೇ ಉತ್ತರ ಇದೆ. ಎರಡನೇ ಕರ್ನಲ್ ನಿಮ್ಮ 128 ಜಿಬಿಯನ್ನು ಓದಬಹುದು ಅಷ್ಟೇ, ಬಳಸುವ ಹಾಗಿಲ್ಲ. ಬಳಸಲು ಅದಕ್ಕೆ ಸಿಗುವುದು ನೀವು ಎತ್ತಿಟ್ಟ 256 ಎಂಬಿ. ಕರ್ನಲ್, ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ಗೆ ಬೇಕಾದ ಪುಟ್ಟ ಫೈಲ್‌ಸಿಸ್ಟಮ್), ಡ್ರೈವರ್‌ಗಳ ಬಫರ್, ಡಂಪ್ ಬರೆಯುವ ಮೇಕ್‌ಡಂಪ್‌ಫೈಲ್, ಎಲ್ಲವೂ ಅದರಲ್ಲೇ ಹಿಡಿಯಬೇಕು. ಫೈಬರ್ ಚಾನೆಲ್ ಡ್ರೈವರ್‌ಗಳು ಕ್ಯೂಗಳಿಗೇ ಸುಮಾರು ಮೆಮೊರಿ ತಿನ್ನುತ್ತವೆ.

ರ‍್ಯಾಮ್ ಜಾಸ್ತಿ ಇದ್ದರೆ ಮಾತ್ರ ಜಾಸ್ತಿ ಕೊಡಬೇಕು ಅನ್ನೋದು ಹಳೇ ಲೆಕ್ಕ. ಮೊದಲು ಮೇಕ್‌ಡಂಪ್‌ಫೈಲ್ ಮೆಮೊರಿಯ ಪ್ರತಿ ಪುಟಕ್ಕೆ (ಪೇಜ್) ಎರಡು ಬಿಟ್‌ನಂತೆ ಒಂದು ನಕ್ಷೆ ಇಟ್ಟುಕೊಳ್ಳುತ್ತಿತ್ತು. 1 ಟಿಬಿ ಮಶೀನ್ ಅಂದರೆ 4 ಕೆಬಿ ಪುಟಗಳ ಲೆಕ್ಕದಲ್ಲಿ ಆ ನಕ್ಷೆಗೇ 64 ಎಂಬಿ. 1.5.0 ಆವೃತ್ತಿಯಿಂದ ಅದು ಮೆಮೊರಿಯನ್ನು ತುಂಡುತುಂಡಾಗಿ ಸುತ್ತು ಹಾಕಿ ಮುಗಿಸುತ್ತದೆ, ಹಾಗಾಗಿ ಆ ಖರ್ಚು ಕೈಯಳತೆಯಲ್ಲಿದೆ. ಈಗ ನೋಡಬೇಕಾದ್ದು ಎರಡನೇ ಕರ್ನಲ್ ಎಷ್ಟು ಡ್ರೈವರ್ ಹೊತ್ತುಕೊಂಡು ಏಳುತ್ತದೆ ಅನ್ನೋದನ್ನ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಬರುವ ಸಾಲು ಇದು (ಮೊದಲು ಮಶೀನ್‌ನ ಮೆಮೊರಿ, ಆಮೇಲೆ ಎತ್ತಿಡುವ ಪಾಲು): ಕ್ರ್ಯಾಶ್‌ಕರ್ನಲ್=1ಜಿ-4ಜಿ:192ಎಂ,4ಜಿ-64ಜಿ:256ಎಂ,64ಜಿ-:512ಎಂ. ಆ ಲೆಕ್ಕದಲ್ಲೇ ನಿಮ್ಮ ಮಶೀನ್‌ಗೆ 512 ಬೇಕಿತ್ತು. ರೆಡ್ ಹ್ಯಾಟ್ ಕಡೆಯದಾದರೆ ಕೆಡಂಪ್‌ಸಿಟಿಎಲ್ ಎಸ್ಟಿಮೇಟ್ ಓಡಿಸಿ, ಅಂದಾಜು ಕೊಡುತ್ತದೆ. ಹಳೇ ಲೇಖನಗಳಲ್ಲಿ ಕ್ರ್ಯಾಶ್‌ಕರ್ನಲ್=ಆಟೋ ಅಂತ ಇದ್ದರೆ ಅದನ್ನು ದಯವಿಟ್ಟು ಕಾಪಿ ಮಾಡಬೇಡಿ. ಮೂಲ ಕರ್ನಲ್‌ಗೆ ಆ ಪದವೇ ಗೊತ್ತಿಲ್ಲ, ಒಂದು ಬೈಟ್ ಕೂಡ ಎತ್ತಿಡುವುದಿಲ್ಲ.

ಬದಲಾಯಿಸಿ ರೀಬೂಟ್ ಮಾಡಿದ ಮೇಲೆ /ಪ್ರಾಕ್/ಐಒಮೆಮ್ ಒಳಗೆ ಕ್ರ್ಯಾಶ್ ಕರ್ನಲ್ ಅನ್ನೋ ಸಾಲು ಇದೆಯಾ ನೋಡಿ. ಆಮೇಲೆ ಕೆಲಸದ ಹೊರೆಯನ್ನೆಲ್ಲ ಬೇರೆ ಕಡೆ ಸಾಗಿಸಿ, ಟೀಮ್‌ಗೆ ಹೇಳಿ, ಸಿಂಕ್ (ಬಾಕಿ ಡೇಟಾ ಡಿಸ್ಕ್‌ಗೆ ಬರೆಸುವ ಕಮಾಂಡ್) ಕೊಟ್ಟು, /ಪ್ರಾಕ್/ಸಿಸ್‌ರಿಕ್ಯೂ-ಟ್ರಿಗರ್‌ಗೆ ಸಿ ಬರೆದು ನೀವೇ ಕ್ರ್ಯಾಶ್ ಮಾಡಿಸಿ. ಕೆಡಂಪ್ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಇದಕ್ಕಿಂತ ನಂಬಿಕೆಯ ದಾರಿ ನನಗೆ ಗೊತ್ತಿಲ್ಲ. ಸ್ಟೇಟಸ್ ಹೇಳುವುದು ಎರಡನೇ ಕರ್ನಲ್ ಲೋಡ್ ಆಗಿದೆ ಅಂತ ಮಾತ್ರ, ಅದು ಎದ್ದು ನಿಲ್ಲುತ್ತದೆ ಅಂತಲ್ಲ.

ಪುಟಲೆಕ್ಕ:
ಯಾಕೆ ಮೊದಲೇ ಕಟ್ಟಿಹಾಕಬೇಕು ಅನ್ನುವುದಕ್ಕೆ ನಾನು ಹೇಳ್ತೀನಿ. ಪ್ಯಾನಿಕ್ ಆದ ಕರ್ನಲ್‌ನ ಯಾವ ಮಾತನ್ನೂ ನಂಬುವ ಹಾಗಿಲ್ಲ. ಯಾವ ಪುಟ ಖಾಲಿ ಅಂತ ಹೇಳುವ ಪಟ್ಟಿಯೇ ಕೆಟ್ಟಿರಬಹುದು, ಲಾಕ್ ಹಿಡಿದವನು ಅದನ್ನು ಬಿಡದೆ ಸತ್ತಿರಬಹುದು. ಆ ಹೊತ್ತಲ್ಲಿ ಮೆಮೊರಿ ಕೇಳಲು ಹೋದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ.

ಇನ್ನೊಂದು ಕಾರಣ ಡಿಎಂಎ, ಅಂದರೆ ಕಾರ್ಡ್‌ಗಳು ಸಿಪಿಯು ನಡುವೆ ಬರದೆ ನೇರ ಮೆಮೊರಿಗೆ ಬರೆಯುವುದು. ಕೆಎಕ್ಸೆಕ್ ಮೂಲಕ ನೇರ ಎರಡನೇ ಕರ್ನಲ್‌ಗೆ ಜಿಗಿಯುತ್ತೇವೆ, ನಡುವೆ ಬಯಾಸ್ ಇಲ್ಲ, ಕಾರ್ಡ್‌ಗಳನ್ನು ಯಾರೂ ರೀಸೆಟ್ ಮಾಡಿರುವುದಿಲ್ಲ. ನೆಟ್‌ವರ್ಕ್ ಕಾರ್ಡ್‌ಗೆ ಹಳೇ ಕರ್ನಲ್ ಸತ್ತದ್ದು ಗೊತ್ತೇ ಇಲ್ಲ, ಬರುವ ಪ್ಯಾಕೆಟ್‌ಗಳನ್ನು ಮೊದಲು ತೋರಿಸಿದ ಜಾಗಕ್ಕೇ ಸುರಿಯುತ್ತಾ ಇರುತ್ತದೆ. ಅಂಥ ಜಾಗದಲ್ಲಿ ಹೊಸ ಕರ್ನಲ್ ಕೂತರೆ ಕಣ್ಣೆದುರೇ ಹಾಳಾಗುತ್ತದೆ. ಬೂಟ್‌ನಲ್ಲೇ ಎತ್ತಿಟ್ಟ ಜಾಗವನ್ನು ಯಾವ ಡ್ರೈವರ್‌ಗೂ ಕೊಟ್ಟಿರುವುದಿಲ್ಲ, ಆದ್ದರಿಂದ ಅಲ್ಲಿ ನೆಮ್ಮದಿ. ಮೇಲಾಗಿ ಇಷ್ಟು ದೊಡ್ಡ ಜಾಗ ಒಂದೇ ತುಂಡಾಗಿ ಸಿಗುವುದು ಬೂಟ್ ಆಗುವಾಗಲೇ. 2005ರಲ್ಲಿ 2.6.13 ಕರ್ನಲ್‌ನಲ್ಲಿ ಕೆಡಂಪ್ ಬಂದಾಗಿನಿಂದ ಇದೇ ಉಪಾಯ. 128 ಜಿಬಿಯಲ್ಲಿ 512 ಎಂಬಿ ಅಂದರೆ ಶೇಕಡಾ ಅರ್ಧವೂ ಇಲ್ಲ. ಅದನ್ನು ಉಳಿಸಲು ಹೋಗಿ ಎರಡು ಪ್ಯಾನಿಕ್‌ನ ಸುಳಿವು ಕಳೆದುಕೊಂಡಿದ್ದೀರಿ, ಅಲ್ವಾ?

ರಾತ್ರಿಪಾಳಿ:
ಶನಿವಾರ ರಾತ್ರಿ 512 ಮಾಡಿ ಟೆಸ್ಟ್ ಮಾಡಿದೆ. ಡಂಪ್ ಪೂರ್ತಿ ಬಂತು! ಮೇಕ್‌ಡಂಪ್‌ಫೈಲ್‌ನಲ್ಲಿ ಡಿ 31 ಇದೆ, ಸೊನ್ನೆ ಪುಟ, ಕ್ಯಾಶ್, ಯೂಸರ್ ಪುಟ, ಖಾಲಿ ಪುಟ ಎಲ್ಲ ಬಿಟ್ಟು ಬರೆದದ್ದರಿಂದ 128 ಜಿಬಿಗೆ ಫೈಲ್ ಆದದ್ದು 2 ಜಿಬಿಗಿಂತ ಕಡಿಮೆ. ಡಿಎಂಎ ವಿಷಯ ನನಗೆ ಹೊಳೆದೇ ಇರಲಿಲ್ಲ. ಇಬ್ಬರಿಗೂ ತುಂಬ ಥ್ಯಾಂಕ್ಸ್. ವಿಎಂಗಳಿಗೆ ಏನಾದರೂ ದಾರಿ ಇದೆಯಾ? ಎಲ್ಲ ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಶನ್) ಮೇಲೆ ಇವೆ.

ಗೂಡಿನಹಕ್ಕಿ:
ಕೆವಿಎಂ ಆದರೆ ಗೆಸ್ಟ್ (ವಿಎಂ) ಒಳಗೆ ಮೆಮೊರಿ ಎತ್ತಿಡುವುದೇ ಬೇಡ. ವಿಎಂಗೆ ಪಿವಿಪ್ಯಾನಿಕ್ ಡಿವೈಸ್ ಸೇರಿಸಿ, ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಎಕ್ಸ್‌ಎಂಎಲ್‌ನಲ್ಲಿ ಆನ್_ಕ್ರ್ಯಾಶ್ ಅನ್ನು ಕೋರ್‌ಡಂಪ್-ರೀಸ್ಟಾರ್ಟ್ ಮಾಡಿ. ಗೆಸ್ಟ್ ಪ್ಯಾನಿಕ್ ಆದರೆ ಹೋಸ್ಟ್‌ಗೆ (ವಿಎಂ ಓಡಿಸುವ ಮಶೀನ್) ತಿಳಿಯುತ್ತದೆ, ಹೋಸ್ಟೇ ಡಂಪ್ ತೆಗೆದು ವಿಎಂ ಎಬ್ಬಿಸುತ್ತದೆ. ಆದರೆ ಗೆಸ್ಟ್‌ನಲ್ಲಿ ಕೆಡಂಪ್ ನಿಲ್ಲಿಸಿ, ಕ್ರ್ಯಾಶ್‌ಕರ್ನಲ್ ಸಾಲನ್ನೂ ತೆಗೆಯಿರಿ. ಅದು ಇದ್ದರೆ ಪ್ಯಾನಿಕ್ ಆದ ತಕ್ಷಣ ಗೆಸ್ಟ್ ತನ್ನ ಎರಡನೇ ಕರ್ನಲ್‌ಗೆ ಜಿಗಿದುಬಿಡುತ್ತದೆ, ಹೋಸ್ಟ್‌ಗೆ ಸುದ್ದಿ ಮುಟ್ಟುವುದೇ ಇಲ್ಲ. ಇದಕ್ಕೆ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಕೆಲವು ವಿಎಂಗಳಲ್ಲಿ ಕೆಡಂಪ್ ಇರಲೇಬೇಕು ಅಂದರೆ, ಕೆಡಂಪ್ ನಿಲ್ಲಿಸಿ /ಸಿಸ್/ಕರ್ನಲ್/ಕೆಎಕ್ಸೆಕ್_ಕ್ರ್ಯಾಶ್_ಸೈಜ್‌ಗೆ ಚಿಕ್ಕ ಸಂಖ್ಯೆ ಬರೆಯಿರಿ, ಉಳಿದ ಮೆಮೊರಿ ರೀಬೂಟ್ ಇಲ್ಲದೆ ವಾಪಸ್ ಬರುತ್ತದೆ. ಇಳಿಸಬಹುದು, ಏರಿಸಲು ಮಾತ್ರ ರೀಬೂಟ್ ಬೇಕು. ಇಳಿಸಿದ ಮೇಲೆ ಮತ್ತೆ ಸಿಸ್‌ರಿಕ್ಯೂ ಟೆಸ್ಟ್ ಮಾಡಿ.

ಒಂದು ವಿಷಯ ಮರೆಯಬೇಡಿ. ಹೋಸ್ಟ್ ತೆಗೆಯುವ ಡಂಪ್‌ನಲ್ಲಿ ಗೆಸ್ಟ್‌ನ ಇಡೀ ಮೆಮೊರಿ ಇರುತ್ತದೆ, ಪಾಸ್‌ವರ್ಡ್, ಕೀ ಎಲ್ಲ ಸೇರಿ. ಆ ಫೋಲ್ಡರ್ ರೂಟ್ ಬಿಟ್ಟು ಯಾರಿಗೂ ತೆರೆಯಬಾರದು, ವೆಂಡರ್‌ಗೆ ಕಳಿಸುವ ಮೊದಲು ನಿಮ್ಮ ಸೆಕ್ಯುರಿಟಿಯವರನ್ನು ಕೇಳಿ.