ಟೈರ್ ಮೇಲೆ 121/118 ಅಂತಿದೆ, ಇಷ್ಟು ದೊಡ್ಡ ನಂಬರ್ ಬೇಕಾ?

ಧೂಳುದಾರಿ:
ಗಾಡಿ ಜೊತೆ ಬಂದ ಟೈರ್ ಪಿ265/70ಆರ್17, 113ಎಸ್. ಕಲ್ಲುದಾರಿಯಲ್ಲಿ ಎರಡು ಸಲ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಹರಿಯಿತು, ಅದಕ್ಕೆ ಎಲ್‌ಟಿ, ಅಂದ್ರೆ ಲೈಟ್ ಟ್ರಕ್ ಟೈರ್ ಹಾಕಿಸೋಣ ಅಂತಿದ್ದೇನೆ. ಇದೇ ಅಳತೆಯಲ್ಲಿ ಒಂದು 112/109, ಇನ್ನೊಂದು 121/118. ಎರಡೆರಡು ನಂಬರ್ ಯಾಕೆ? ದೊಡ್ಡದನ್ನೇ ಹಾಕಿಸಿದರೆ ಆಯ್ತು ಅಲ್ವಾ? 112 ಅಂದ್ರೆ ಈಗಿನದಕ್ಕಿಂತ ಕಡಿಮೆ ಆಯ್ತಲ್ಲ!

ಹಳೇಚಕ್ರ:
ಈ ನಂಬರ್ ಕೆಜಿ ಅಲ್ಲ, ಕೋಡ್. 112 ಅಂದ್ರೆ ಒಂದು ಟೈರ್‌ಗೆ 1120 ಕೆಜಿ, 113ಕ್ಕೆ 1150, 121ಕ್ಕೆ 1450. ಓರೆಗೆರೆ ಆದಮೇಲಿನದು ಹಿಂದೆ ಜೋಡಿ ಚಕ್ರ ಇರೋ ಗಾಡಿಗೆ, ನಿಮಗೆ ಬೇಡ. ಆದರೆ 1450 ಕೆಜಿ ಹೊರೋದು 80 ಪಿಎಸ್‌ಐ ಗಾಳಿ ಇದ್ದಾಗ ಮಾತ್ರ, 112ರದ್ದಕ್ಕೆ 50 ಸಾಕು. ಗಾಳಿ ಇಳಿದಷ್ಟೂ ಹೊರೋ ಭಾರವೂ ಇಳಿಯುತ್ತೆ, ಇದನ್ನೇ ಎಲ್ಲರೂ ಮರೆಯೋದು.

ಕೆಸರುಗಾಲಿ:
ಇನ್ನೊಂದು ವಿಷಯ. ಮುಂದೆ 'ಪಿ' ಇರೋದು ಕಾರಿನ ಟೈರ್. ಅದನ್ನು ಎಸ್‌ಯುವಿ, ಪಿಕಪ್‌ಗೆ ಹಾಕಿದರೆ ಅಮೆರಿಕದ ನಿಯಮದಲ್ಲಿ ಭಾರವನ್ನು 1.1ರಿಂದ ಭಾಗಿಸಬೇಕು. 1150 ಹೋಗಿ ಸುಮಾರು 1045 ಆಯ್ತು. ಎಲ್‌ಟಿಗೆ ಆ ಕಡಿತ ಇಲ್ಲ, ಹಾಗಾಗಿ 112 ನಿಜಕ್ಕೂ ಜಾಸ್ತಿನೇ. ಡ್ರೈವರ್ ಬಾಗಿಲ ಹತ್ತಿರ ಗಾಡಿ ಕಂಪನಿ ಅಂಟಿಸಿರೋ ಪಟ್ಟಿಯ ಪಿಎಸ್‌ಐ ಮಾತ್ರ ಎಲ್‌ಟಿಗೆ ಸಾಲಲ್ಲ, ಅಷ್ಟೇ ಭಾರಕ್ಕೆ ಸ್ವಲ್ಪ ಹೆಚ್ಚು ಗಾಳಿ ಬೇಕು. ಟೈರ್ ಕಂಪನಿಯ ಭಾರ-ಗಾಳಿ ಪಟ್ಟಿ ನೋಡಿಯೇ ತುಂಬಿಸಿ.

ಕಲ್ಲುಮುಳ್ಳು:
ನಾನಾದ್ರೆ ಕಲ್ಲಿಗೆ 121ನೇ ಹಾಕಿಸ್ತೇನೆ. ದಪ್ಪ ಇರುತ್ತೆ, ಹತ್ತು ಪ್ಲೈ.

ಹಳೇಚಕ್ರ:
ಹತ್ತು ಪ್ಲೈ ಅಂದ್ರೆ ಒಳಗೆ ಹತ್ತು ಪದರ ಇದೆ ಅಂತಲ್ಲ ಗುರೂ, ಅದು ಟೈರ್ ಎಷ್ಟು ಗಟ್ಟಿ ಅನ್ನೋಕೆ ಹಳೇ ಕಾಲದಿಂದ ಬಂದ ಲೆಕ್ಕ. ದಪ್ಪ ಇರುತ್ತೆ, ಒಪ್ಪಿದೆ. ಆದರೆ ಭಾರದ ನಂಬರ್ ನೋಡಿ ಕಲ್ಲಿಗೆ ಹರಿಯಲ್ಲ ಅಂತ ಹೇಳೋಕಾಗಲ್ಲ, ಸೈಡ್‌ವಾಲ್‌ನಲ್ಲಿ ಎಷ್ಟು ಪದರ ಅಂತ ಟೈರ್ ಪಕ್ಕದಲ್ಲೇ ಬರೆದಿರುತ್ತೆ, ಅದನ್ನ ಓದಿ. ಹಗುರ ಗಾಡಿಗೆ ಗಡುಸಾದ 121 ಹಾಕಿಸಿ ಬೆನ್ನು ನೋಯಿಸಿಕೊಂಡವನು ನಾನೇ.

ಕೆಸರುಗಾಲಿ:
ಮರಳಲ್ಲಿ ಗಾಳಿ ಇಳಿಸಿ ಓಡಿಸ್ತೀರಲ್ಲ, ಆಗ ನಿಧಾನ ಹೋಗಿ. ಟಾರ್ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಿ. ಕಡಿಮೆ ಗಾಳಿ, ಜಾಸ್ತಿ ಭಾರ, ಜಾಸ್ತಿ ಸ್ಪೀಡು ಮೂರೂ ಸೇರಿದರೆ ಸೈಡ್‌ವಾಲ್ ಒಳಗಿಂದಲೇ ಬೇಯುತ್ತೆ.

ಧೂಳುದಾರಿ:
ಟೆಂಟು, ನೀರು, ಜನ ಎಲ್ಲ ಹತ್ತಿಸಿ ವೇಬ್ರಿಡ್ಜ್ ಮೇಲೆ ಬರೀ ಹಿಂದಿನ ಆಕ್ಸಲ್ ತೂಗಿಸಿದೆ. 1720 ಕೆಜಿ, ಅಂದ್ರೆ ಚಕ್ರಕ್ಕೆ 860. ನೀರಿನ ಟ್ಯಾಂಕ್ ಎಡಗಡೆ ಇದೆ, ಆ ಕಡೆ ಇನ್ನೂ ಸ್ವಲ್ಪ ಜಾಸ್ತಿ ಇರಬೇಕು. ಆದರೂ 112 ಸಾಕು ಅನ್ಸುತ್ತೆ. ಮೂರು ಪದರದ ಸೈಡ್‌ವಾಲ್ ಇರೋದು ಸಿಕ್ಕಿದರೆ ಅದನ್ನೇ ಹಾಕಿಸ್ತೇನೆ, ಟ್ಯಾಂಕ್ ಮಧ್ಯಕ್ಕೆ ಸರಿಸ್ತೇನೆ.